ಬೇರಿನ ತುದಿ ಕಾಣದ ಫಿಲ್ಮ್

ಇದನ್ನು ಹೇಳಲು ತೀರಾ ತಡಮಾಡಿದ್ದೇನೆ. ಮಕ್ಕಳೆದುರು ಎರಡು ಸಲ ಬಾಯಿ ತೆರೆದವನು, ಮಾತನ್ನು ಬೇರೆ ಕಡೆಗೆ ಹೊರಳಿಸಿದೆ.

ಹೋಟೆಲಿನ ಗಲ್ಲಾಪೆಟ್ಟಿಗೆಯ ಕೆಲಸ ಬಿಟ್ಟ ಮೇಲೆ ನಾನು ಡೊಂಬಿವಲಿ ಪೂರ್ವದ ಒಂದು ಹಲ್ಲಿನ ದವಾಖಾನೆಯಲ್ಲಿ ಸಹಾಯಕನಾಗಿ ಸೇರಿದೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಡಾಕ್ಟರ್ ಧಾರವಾಡದ ಕಡೆಯ ಹೆಣ್ಣುಮಗಳು, ನನ್ನ ಮಗಳ ವಯಸ್ಸಿನವರು. ಮೆಟ್ರಿಕ್ ಓದಿದ ನನಗೆ ಎಕ್ಸ್‌ರೇ ಫಿಲ್ಮ್ ತೊಳೆಯುವುದನ್ನು ಕಲಿಸಿದ್ದು ಅವರೇ. ಬೆಳಕು ತಾಗದ ಕಪ್ಪು ಡಬ್ಬಿಯೊಳಗೆ ಕೈ ತೂರಿಸಿ, ಚಿತ್ರ ಮೂಡಿಸುವ ಡೆವಲಪರ್‌ನಲ್ಲಿ ಅದ್ದಿ, ನೀರಿನಲ್ಲಿ ಜಾಲಿಸಿ, ಚಿತ್ರ ಉಳಿಸುವ ಫಿಕ್ಸರ್‌ನಲ್ಲಿ ಬಿಡಬೇಕು.

ಆಗ ಎಷ್ಟೋ ಕಡೆ ಬರಿಗಣ್ಣಲ್ಲಿ ನೋಡಿಯೇ ಹಲ್ಲು ಕೀಳುತ್ತಿದ್ದರು. ನಮ್ಮ ಡಾಕ್ಟರ್ ಮಾತ್ರ ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದು, "ಬೇರಿನ ತುದಿ ಕಾಣಬೇಕು, ಅದರ ಕೆಳಗ ಒಂದೀಟು ಎಲುಬೂ ಕಾಣಬೇಕು. ಕಿತ್ತಮ್ಯಾಲೆ ವಾಪಸ್ ಹಚ್ಚಾಕ ಬರಂಗಿಲ್ಲ ಕಾಕಾ" ಎನ್ನುತ್ತಿದ್ದರು. ಸರಿ ಬರದಿದ್ದರೆ ಮತ್ತೊಂದು. ಕಾದು ಬೇಸತ್ತವರೊಬ್ಬರು, "ಮೇಡಂ, ಹಲ್ಲು ಕೀಳ್ತೀರೋ, ಮದುವೆ ಆಲ್ಬಮ್ ಮಾಡ್ತೀರೋ?" ಎಂದು ಚುಚ್ಚಿದಾಗ ಅವರು ನಕ್ಕರು. ಆದರೆ ಇಕ್ಕಳ ಮುಟ್ಟಲಿಲ್ಲ.

ಒಂದು ಭಾನುವಾರ ವಿಪರೀತ ಜನ. ಡೆವಲಪರ್ ಹಳತಾಗಿ ಚಹಾದ ಬಣ್ಣಕ್ಕೆ ತಿರುಗಿತ್ತು, ಅಂಥದ್ದರಲ್ಲಿ ಚಿತ್ರ ಸರಿಯಾಗಿ ಮೂಡದು. ಬೆಳಿಗ್ಗೆಯೇ ಬದಲಿಸಬೇಕಿತ್ತು, ನಾಳೆ ಮಾಡಿದರಾಯಿತೆಂದು ಬಿಟ್ಟಿದ್ದೆ. ಬದಲಾಪುರದಿಂದ ಬಂದ ಹೆಂಗಸೊಬ್ಬರು ಕುರ್ಚಿಯಲ್ಲಿದ್ದರು. ಅಲ್ಲಿಯ ಒಂದು ಮೆಸ್ಸಿನಲ್ಲಿ ಇಡ್ಲಿಹಿಟ್ಟು ರುಬ್ಬುವ ಕೆಲಸ ಅವರದು, ನಮ್ಮ ಕರಾವಳಿಯ ಮಾತು. ಫಿಲ್ಮನ್ನು ರೋಗಿಯೇ ಬಾಯೊಳಗೆ ಬೆರಳಿನಿಂದ ಒತ್ತಿ ಹಿಡಿಯಬೇಕಾದ ಕಾಲ ಅದು. "ಬೆರಳು ಚೀಪುವ ಮಗುವಿನ ಹಾಗೆ ಕಾಣ್ತೇನಲ್ಲ, ನಗಾಡ್ಬೇಡಿ ಅಣ್ಣ" ಎಂದರು. ಡಾಕ್ಟರ್ ಎಲ್ಲವನ್ನೂ ಹೊಂದಿಸಿ ಪಕ್ಕದ ಕುರ್ಚಿಯ ರೋಗಿಯತ್ತ ಹೋದರು. ಬಟನ್ ಒತ್ತಿದವನು ನಾನು. ಆಕೆ ಕದಲಲಿಲ್ಲ.

ಫಿಲ್ಮ್ ಬಿಳಚಿಕೊಂಡು ಬಂತು. "ತುದಿ ಎಲ್ಲೈತಿ ಕಾಕಾ?" ಎಂದರು ಡಾಕ್ಟರ್.

"ಅವರು ಬೆರಳು ಅಲ್ಲಾಡಿಸಿದ್ರು ಮೇಡಂ" ಎಂದುಬಿಟ್ಟೆ.

ಆಕೆ ನನ್ನ ಮುಖ ನೋಡಿದರು. "ಹೌದಾ? ನಂಗೆ ಗೊತ್ತೇ ಆಗ್ಲಿಲ್ಲ. ತಪ್ಪಾಯ್ತು ಅಣ್ಣ, ನಿಮಗೆ ಎರಡೆರಡು ಕೆಲಸ."

ಡಾಕ್ಟರ್ ಫಿಲ್ಮನ್ನು ಇನ್ನೊಮ್ಮೆ ನೋಡಿ, "ಇರಲಿ ಬಿಡ್ರಿ ಅಕ್ಕ, ಆಗ್ತಿರ್ತದ" ಎಂದು ಆಕೆಗೆ ಹೇಳಿದರು. ನನಗೆ, "ಹೊಸಾ ಡೆವಲಪರ್ ಕಲಸ್ರಿ" ಎಂದರು, ಅಷ್ಟೇ. ಎರಡನೆಯ ಫಿಲ್ಮಿನಲ್ಲಿ ಬೇರು ಗಾಳದಂತೆ ಬಾಗಿದ್ದು ಸ್ಪಷ್ಟವಾಗಿ ಕಂಡಿತು, ತುದಿ ನರದ ಪಕ್ಕದಲ್ಲೇ. ನೇರ ಎಳೆದಿದ್ದರೆ ಮುರಿದು ಒಳಗುಳಿಯುತ್ತಿತ್ತು. ಡಾಕ್ಟರ್ ಹಲ್ಲನ್ನು ಎರಡಾಗಿ ಸೀಳಿ, ಒಂದೊಂದು ಬೇರನ್ನೂ ಅದು ಬಾಗಿದ ದಿಕ್ಕಿಗೇ ನಿಧಾನವಾಗಿ ತಿರುಗಿಸಿ ತೆಗೆದರು. ಒಂದು ಚೂರೂ ಉಳಿಯಲಿಲ್ಲ. ಅಂಥ ಕೈಯನ್ನು ನಾನು ಮತ್ತೆ ಕಂಡಿಲ್ಲ.

ಜನ ಖಾಲಿಯಾದ ಮೇಲೆ ಅವರೇ ಮಾತು ತೆಗೆದರು: "ಅಲ್ಲಾಡಿದ ಫಿಲ್ಮು ಮಸುಕಾಗ್ತದ ಕಾಕಾ, ಬಿಳಚಂಗಿಲ್ಲ."

ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿದೆ. "ಅಲ್ಲೇ ಯಾಕೆ ಬೈಯಲಿಲ್ಲ ಮೇಡಂ?"

"ಮಂದಿ ಮುಂದ ನಿಮ್ಮ ಮಾನ ತೆಗೀಲೇನು? ಅಕ್ಕ ಹೊಲಿಗಿ ಬಿಚ್ಚಿಸಾಕ ಬರ್ತಾರ. ಅವರಿಗೆ ನೀವ ಹೇಳ್ರಿ."

ಆಕೆ ಬರುವ ದಿನ ನಾನು ಫಿಲ್ಮ್ ತರುವ ನೆಪದಲ್ಲಿ ಠಾಣೆ ಪಟ್ಟಣದ ಅಂಗಡಿಗೆ ಹೋದೆ. ನಮ್ಮ ಕಪಾಟಿನಲ್ಲೇ ಫಿಲ್ಮ್ ತುಂಬಿದ ಎರಡು ಪೆಟ್ಟಿಗೆ ಇದ್ದವು. ಹಿಂದಿರುಗಿದಾಗ ಡಾಕ್ಟರ್ ಗದರಲಿಲ್ಲ. "ಅಣ್ಣಗ ತೊಂದ್ರಿ ಕೊಟ್ಟೆ ಅಂತ ಅಕ್ಕ ಹೇಳಿ ಹೋದ್ರು" ಎಂದಷ್ಟೇ ಹೇಳಿ ಕೈತೊಳೆಯಲು ಎದ್ದರು.

ಕಂಪ್ಯೂಟರಿನಲ್ಲೇ ಹಲ್ಲು ಕಾಣುವ ಯಂತ್ರ ಬರುವ ತನಕ ನಾನು ಅಲ್ಲಿಯೇ ದುಡಿದೆ. ಮತ್ತೊಂದು ಫಿಲ್ಮ್ ಬಿಳಚಲು ಬಿಡಲಿಲ್ಲ. ಬದಲಾಪುರದ ವಿಳಾಸ ರಿಜಿಸ್ಟರಿನಲ್ಲೇ ಇತ್ತು, ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆಯ ದಾರಿ. ನಾನು ಹೋಗಲಿಲ್ಲ. ಡಾಕ್ಟರ್ ಬಳಿ ಕ್ಷಮೆ ಕೇಳಿದ್ದು ಸುಲಭವಾಗಿತ್ತು, ಅವರಿಗೆ ಮೊದಲೇ ಎಲ್ಲ ಗೊತ್ತಿತ್ತು. ಕೇಳಬೇಕಾಗಿದ್ದದ್ದು ಏನೂ ಗೊತ್ತಿಲ್ಲದವರ ಹತ್ತಿರ, ನನ್ನ ತಪ್ಪಿಗೆ ತಾವೇ ತಪ್ಪಾಯ್ತು ಎಂದ ಆ ಇಡ್ಲಿಹಿಟ್ಟಿನ ಅಕ್ಕನ ಹತ್ತಿರ.