ಶೀನಣ್ಣನಿಗೆ ಕೇಳಿಸಿದ ಅಳು

ದೆವ್ವ, ಶಕುನ, ಸತ್ತವರ ನೆರಳು ಎಂದು ಮಾತು ಶುರುವಾದರೆ ಸಾಕು, ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಇಲ್ಲಿ ಇಂಗ್ಲಿಷರ ನಾಡಿನಲ್ಲಿ, ಸೌತ್‌ಹಾಲಿನ ನಾದಿನಿಯ ಮನೆಯಲ್ಲಿ ಭಾನುವಾರದ ಊಟವಾದ ಮೇಲೆ ಇಂಥ ಕಥೆಗಳು ತಪ್ಪುತ್ತಿರಲಿಲ್ಲ. ಹೇಳುವವರನ್ನು ಕೆಣಕಿ ನಗುತ್ತಿದ್ದವಳೂ ನಾನೇ. ಈಗ ಅಂಥದ್ದೇ ಒಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಈ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಕ್ಸ್‌ಬ್ರಿಡ್ಜಿನ ಸಣ್ಣ ಆಫೀಸೊಂದರಲ್ಲಿ ಕೂತು, ಅಮೆರಿಕದ ಗಡಿ ದಾಟುವ ಕೆನಡಾದ ಲಾರಿಗಳ ವಿವರವನ್ನು ಕಂಪ್ಯೂಟರಿನಲ್ಲಿ ಕಸ್ಟಮ್ಸ್‌ಗೆ ಕಳಿಸುವುದು ನನ್ನ ಕೆಲಸ. ಅಲ್ಲಿ ರಾತ್ರಿಯಾದಾಗ ನಮಗೆ ಬೆಳಗಾಗಿರುತ್ತಿತ್ತಲ್ಲ, ಅದಕ್ಕೇ ಅವರ ರಾತ್ರಿಪಾಳಿ ನಮ್ಮ ಪಾಲಿಗೆ ಬಂದಿತ್ತು. ನನಗೆ ಕೊಟ್ಟಿದ್ದು ಖಾಲಿ ಲಾರಿಗಳನ್ನು. ಸರಕಿಲ್ಲದಿದ್ದರೂ ಗಡಿ ಮುಟ್ಟುವ ಮೊದಲೇ ಲಾರಿ ಖಾಲಿ ಎಂದು ತಿಳಿಸಬೇಕು, ಒಳಗೆ ಯಾರ್‍ಯಾರಿದ್ದಾರೆಂದೂ ಹೇಳಬೇಕು. ಏನೂ ಇಲ್ಲ ಎಂದು ಹೇಳುವುದಕ್ಕೂ ಸಂಬಳವೇ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು.

ಡ್ರೈವರುಗಳಲ್ಲಿ ಒಬ್ಬರು ಕುಂದಾಪುರದವರು, ಶೀನಣ್ಣ. ನಾನೂ ಆ ಕಡೆಯವಳೆಂದು ಗೊತ್ತಾದ ಮೇಲೆ ತಂಗಿ ಎಂದೇ ಕರೆಯುತ್ತಿದ್ದರು. ಮುಖ ನೋಡಿದ್ದಿಲ್ಲ, ಮಾತೆಲ್ಲ ಫೋನಿನಲ್ಲೇ. ಅವರು ಲಾರಿಯ ನಂಬರು ಹೇಳುವರು, ಒಬ್ಬರೇನಾ ಎಂದು ನಾನು ಕೇಳುವೆ, ಹೌದೆನ್ನುವರು. ಪರಿಚಯ ಅಷ್ಟೇ.

ಆ ವರ್ಷ ನನಗೆ ಹೆಣ್ಣು ಮಗು ಹುಟ್ಟಿತು. ದಿನ ತುಂಬಿಯೇ ಹುಟ್ಟಿತು, ಆದರೆ ಉಸಿರಿರಲಿಲ್ಲ. ನರ್ಸ್ ಟವೆಲಿನಲ್ಲಿ ಸುತ್ತಿ ಕೈಗೆ ಕೊಟ್ಟಾಗಲೂ ಈಗ ಅತ್ತೀತು, ಈಗ ಅತ್ತೀತು ಎಂದು ಕಾಯುತ್ತಲೇ ಇದ್ದೆ. ಒಂದೇ ಒಂದು ಸಲ ಅತ್ತಿದ್ದರೆ ಸಾಕಿತ್ತು, ಅದನ್ನು ನೆನೆದುಕೊಂಡೇ ಬದುಕುತ್ತಿದ್ದೆ. ಊರಿಂದ ಫೋನ್ ಮಾಡಿದವರೆಲ್ಲ ನಿನಗಿನ್ನೂ ವಯಸ್ಸಿದೆ ಎಂದರು. ಫೆಲ್ಥಮಿನ ನಮ್ಮ ಫ್ಲಾಟಿನಲ್ಲಿ ಗಂಡ ತೊಟ್ಟಿಲನ್ನು ಬಿಚ್ಚಿ ಬೀರುವಿನ ಹಿಂದೆ ಇಟ್ಟರು. ಮನೆಯಲ್ಲಿ ಕೂರಲಾಗದೆ ಕೆಲಸಕ್ಕೆ ಮರಳಿದೆ. ಡ್ರೈವರುಗಳಿಗೆ ನಾನು ರಜೆಯಲ್ಲಿದ್ದೆನೆಂದಷ್ಟೇ ಗೊತ್ತು. ಬಸುರಿ ಎನ್ನುವುದನ್ನೂ ಯಾರೂ ಅವರಿಗೆ ಹೇಳಿರಲಿಲ್ಲ.

ಮೊದಲ ದಿನ ಬೆಳಿಗ್ಗೆ ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಶೀನಣ್ಣನ ಫೋನ್ ಬಂತು. ನಂಬರು ಹೇಳುತ್ತಿದ್ದವರು ನಡುವೆಯೇ ನಿಲ್ಲಿಸಿದರು.

"ತಂಗಿ, ಮಗು ಮರ್ಕ್ತಾ ಇತ್ತಲ್ದಾ. ಮೊದ್ಲ್ ಅದನ್ನ್ ಎತ್ಕೋ."

ಮರ್ಕುವುದೆಂದರೆ ನಮ್ಮ ಕಡೆ ಅಳುವುದು. ಇಲ್ಲಿ ಯಾವ ಮಗುವೂ ಇಲ್ಲ, ನಿಮ್ಮ ಲಾರಿಯ ರೇಡಿಯೋ ಇರಬೇಕು ಎಂದೆ. ರೇಡಿಯೋ ಹಾಕಿಯೇ ಇಲ್ಲ, ಅಳು ನಿನ್ನ ಪಕ್ಕದಿಂದಲೇ ಬರುತ್ತಿದೆ ಎಂದರು. ಮಗುವನ್ನು ಕದ್ದುಮುಚ್ಚಿ ಕೆಲಸಕ್ಕೆ ಕರೆತಂದಿದ್ದೇನೆ ಅಂದುಕೊಂಡರೋ ಏನೋ, ದನಿ ತಗ್ಗಿಸಿದರು.

"ನಾ ಯಾರಿಗೂ ಹೇಳುದಿಲ್ಲೆ. ಹೆಗ್ಲ್ ಮೇಲ್ ಹಾಯ್ಕಂಡ್ ಬೆನ್ನ್ ತಟ್ಟ್. ನಂದ್ ಖಾಲಿ ಗಾಡಿ, ಅರ್ಜೆಂಟಿಲ್ಲೆ."

ನನಗೆ ಏನೂ ಕೇಳಿಸುತ್ತಿರಲಿಲ್ಲ. ಆದರೂ ಎದ್ದು ನಿಂತೆ. ರಿಸೀವರನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ಹೆಗಲನ್ನೇ ಮೆಲ್ಲಗೆ ತಟ್ಟಿದೆ. ಎಷ್ಟು ಹೊತ್ತು ತಟ್ಟಿದೆನೋ ತಿಳಿಯದು.

"ಹಾಂ, ಸುಮ್ನಾಯ್ತ್ ಕಾಣ್" ಎಂದರು ಶೀನಣ್ಣ. ಉಳಿದ ನಂಬರು ಹೇಳಿದರು. ನಾನು ಅಳುತ್ತಲೇ ಟೈಪ್ ಮಾಡಿ, ಲಾರಿ ಖಾಲಿ ಎಂದು ಕಳಿಸಿದೆ.

ಫೋನ್ ಇಟ್ಟವಳೇ ಮೆಟ್ಟಿಲು, ಕಾರಿಡಾರ್ ಎಲ್ಲ ನೋಡಿ ಬಂದೆ. ಕೆಳಗಿನ ಕಾರ್ಪೆಟ್ ಅಂಗಡಿ ಇನ್ನೂ ತೆರೆದಿರಲಿಲ್ಲ. ಯಾರದೋ ಲೈನು ಅಡ್ಡ ಬಂದು ಯಾರದೋ ಮಗುವಿನ ಅಳು ಅವರಿಗೆ ಕೇಳಿಸಿರಬಹುದು. ಆದರೆ ನಾನು ತಟ್ಟಿದಾಗ ಅದು ಯಾಕೆ ಸುಮ್ಮನಾಯಿತು?

ಸಂಜೆ ಗಂಡನಿಗೆ ಹೇಳಿದೆ. ಡಾಕ್ಟರ ಹತ್ತಿರ ಹೋಗೋಣ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, ದನಿ ಹೇಗಿತ್ತಂತೆ ಎಂದು. ಶೀನಣ್ಣನ ಹತ್ತಿರ ನಾನು ಅದನ್ನು ವಿಚಾರಿಸಿಯೇ ಇರಲಿಲ್ಲ.

ಮುಂದಿನ ಸಲ ಶೀನಣ್ಣ ಫೋನ್ ಮಾಡಿದಾಗ ನಂಬರಿಗಿಂತ ಮೊದಲು ಅದನ್ನೇ ಕೇಳಿದೆ. ಇವತ್ತು ಏನೂ ಕೇಳಿಸುತ್ತಿಲ್ಲ, ಮಲಗಿರಬೇಕು ಎಂದರು. ಅವತ್ತು ಹೇಗಿತ್ತು ಎಂದೆ.

"ಜೋರ್ ಮರ್ಕ್ತಿತ್ತ್, ತಂಗಿ. ಗಟ್ಟಿ ಮಗು."

ಅವರಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು, ಅವರೆಲ್ಲಿದ್ದಾರೋ ತಿಳಿಯದು. ಅದೇನೆಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ. ಒಂದು ಮಾತ್ರ ಒಪ್ಪಿಕೊಳ್ಳುತ್ತೇನೆ, ಆ ಮನುಷ್ಯನ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ನನ್ನ ಮಗಳ ದನಿ ಕೇಳಿದವರು ಅವರೊಬ್ಬರೇ.