ಮಾಮನ ತಟ್ಟೆಯಲ್ಲಿ ಬಂದ ಫ್ಲಾಪಿ

ಭಾನುವಾರದ ತಮಿಳು ಪತ್ರಿಕೆಯ ಪುರವಣಿಯಲ್ಲಿ ಆಗ ಕಂಪ್ಯೂಟರಿಗೆಂದೇ ಒಂದು ಪುಟ ಬರುತ್ತಿತ್ತು. ಅದನ್ನು ಬರೆಯುತ್ತಿದ್ದವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ವಾರ ವಾರವೂ ಅವನದು ಒಂದೇ ಉಪದೇಶ: ಅಪರಿಚಿತರು ಕೊಟ್ಟ ಫ್ಲಾಪಿಯನ್ನು ಯಂತ್ರಕ್ಕೆ ಹಾಕಬೇಡಿ. ಕಂಬಂ ಪೇಟೆಯ ನಮ್ಮ ಬೀದಿಯಲ್ಲಿ ಕೂತು ಇದನ್ನು ಓದುವವಳಿಗೆ ಏನು ಉಪಯೋಗ? ನಮ್ಮಲ್ಲಿ ಅಪರಿಚಿತರೇ ಇರಲಿಲ್ಲ. ಬಾಗಿಲಿಗೆ ಬಂದವರೆಲ್ಲ ಯಾವುದೋ ಒಂದು ದಾರಿಯಲ್ಲಿ ಅತ್ತೆ, ಮಾಮ, ಚಿಕ್ಕಪ್ಪ. ಎರಡು ಸಾವಿರ ಇಸವಿ ಹುಟ್ಟಿದರೆ ಲೋಕದ ಯಂತ್ರಗಳೆಲ್ಲ ನಿಂತುಹೋಗುತ್ತವೆ ಎಂದೂ ಅವನು ಹೆದರಿಸುತ್ತಿದ್ದ. ನಮ್ಮ ಯಂತ್ರ ಕರೆಂಟು ಹೋದಾಗಲೆಲ್ಲ ನಿಲ್ಲುತ್ತಿತ್ತು, ಲೋಕ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ಅಪ್ಪ ಮನೆಯ ಬೀದಿಬದಿಯ ಕೋಣೆಯಲ್ಲಿ ವರ್ಷಾನುಗಟ್ಟಲೆ ಟೈಪಿಂಗ್ ಶಾಲೆ ನಡೆಸಿದ್ದ. ಕಲಿಯುವವರು ಕಡಿಮೆಯಾದಾಗ ಎರಡು ಕಂಪ್ಯೂಟರ್ ತಂದಿಟ್ಟು, ನನ್ನನ್ನು ಅವುಗಳ ಮುಂದೆ ಕೂರಿಸಿ, ತಾನು ದ್ರಾಕ್ಷಿ ತೋಟಕ್ಕೆ ಹೊರಟ. ಬೆಳಿಗ್ಗೆ ಹುಡುಗಿಯರಿಗೆ ಪಾಠ ಹೇಳುತ್ತಿದ್ದೆ. ಮಧ್ಯಾಹ್ನ ಯಾರೂ ಬರುತ್ತಿರಲಿಲ್ಲ. ಆ ಮಧ್ಯಾಹ್ನಗಳು ನನ್ನವು.

ಮನೆಯಲ್ಲಿ ನಾವು ಆಡುವುದು ಕನ್ನಡ. ಎಷ್ಟು ತಲೆಮಾರಿನಿಂದ ಆಡುತ್ತಿದ್ದೇವೋ ಹೇಳುವವರಿಲ್ಲ. ಬರೆಯುವುದು ಮಾತ್ರ ತಮಿಳಿನಲ್ಲಿ, ಏಕೆಂದರೆ ಶಾಲೆ ಕಲಿಸಿದ್ದು ಅದನ್ನೇ. ಮೈಸೂರು ಕಡೆಗೆ ಮದುವೆಯಾಗಿ ಹೋದ ಗೆಳತಿಯೊಬ್ಬಳು ಒಂದನೇ ತರಗತಿಯ ಕನ್ನಡ ಪುಸ್ತಕ ತಂದುಕೊಟ್ಟಳು. ನನ್ನ ನಾಲಿಗೆಯ ಮೇಲಿದ್ದುದಕ್ಕೆ ಒಂದು ಆಕಾರವೂ ಇದೆಯೆಂದು ಇಪ್ಪತ್ಮೂರನೇ ವಯಸ್ಸಿನಲ್ಲಿ ನೋಡಿ ನನಗೆ ಅಳು ಬಂತು, ಹಿಂದೆಯೇ ರೋಷವೂ ಬಂತು. ಇಷ್ಟು ದಿನ ಯಾರೂ ಯಾಕೆ ತೋರಿಸಲಿಲ್ಲ?

ನಮ್ಮ ಯಂತ್ರದಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಹಾಗಾಗಿ ನಾನೇ ಮಾಡಲು ಕೂತೆ. ಚೌಕುಳಿ ಕಾಗದದ ಮೇಲೆ ಹದಿನಾರು ಮನೆ ಅಡ್ಡ, ಹದಿನಾರು ಮನೆ ಉದ್ದ. ಯಾವ ಮನೆಗೆ ಚುಕ್ಕೆ ಬೇಕು, ಯಾವುದಕ್ಕೆ ಬೇಡ ಎಂದು ಮೊದಲು ಪೆನ್ಸಿಲಿನಲ್ಲಿ ಗುರುತು ಮಾಡಿ, ಆಮೇಲೆ ಒಂದು-ಸೊನ್ನೆಗಳಲ್ಲಿ ಯಂತ್ರಕ್ಕೆ ಹೇಳಬೇಕು. 'ರ' ಒಂದು ಗಂಟೆಯಲ್ಲಿ ಮುಗಿಯಿತು. 'ಕ್ಷ' ಎರಡು ದಿನ ತಿಂದಿತು. ಒತ್ತಕ್ಷರಗಳ ವಿಷಯ ಕೇಳಲೇಬೇಡಿ. ಒಂದು ಅಕ್ಷರ ಸರಿಯಾದರೆ ಚೌಕುಳಿ ಕಾಗದವನ್ನು ಒಲೆಗೆ ಹಾಕುತ್ತಿದ್ದೆ, ಅವ್ವನ ಕಣ್ಣಿಗೆ ಬೀಳಬಾರದೆಂದು. ಎಲ್ಲ ಮುಗಿದ ಮೇಲೆ ಅವಳ ಮಾತನ್ನೇ, ಅವಳು ಹಸುವಿಗೆ ಹೇಳುವುದು, ನಮಗೆ ಬಯ್ಯುವುದು, ಎಲ್ಲವನ್ನೂ ಅಚ್ಚು ಹೊಡೆದು ಒಂದು ಹಾಳೆಯಾಗಿ ಅವಳ ಕೈಗೆ ಕೊಡಬೇಕು ಎಂದುಕೊಂಡಿದ್ದೆ. ಎಂಟು ತಿಂಗಳ ಕೆಲಸ ಎರಡು ಯಂತ್ರಗಳಲ್ಲಿ ಒಂದರೊಳಗಿತ್ತು, ಎರಡು ಫ್ಲಾಪಿಗಳಲ್ಲಿ ಅದರ ನಕಲಿತ್ತು. ಇನ್ನು ಒಂದು ವಾರ ಸಿಕ್ಕಿದ್ದರೆ ಹಾಳೆ ಹೊರಗೆ ಬರುತ್ತಿತ್ತು.

ಆ ವಾರವೇ ಮಾಮ ಬಂದರು. ಅವ್ವನ ಅಣ್ಣ. ಜೊತೆಯಲ್ಲಿ ಅವರ ಮಗ. ನಮ್ಮ ಜನರಲ್ಲಿ ಮಾಮನ ಮಗನಿಗೆ ಅತ್ತೆಯ ಮಗಳ ಮೇಲೆ 'ಮುರೆ' ಉಂಟು, ಅಂದರೆ ಹುಟ್ಟಿನಿಂದಲೇ ಬಂದ ಹಕ್ಕು. ನನ್ನನ್ನು ಕೇಳಿ ಯಾರೂ ಕೊಟ್ಟ ಹಕ್ಕಲ್ಲ ಅದು. ಅವನು ವೇದಸಂದೂರಿನ ಒಂದು ನೂಲಿನ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಬಂದಾಗಲೆಲ್ಲ ಆ ಪುರವಣಿಯನ್ನು ಗಟ್ಟಿಯಾಗಿ ಓದಿ ಹೇಳುವುದು ಅವನ ಚಟ. ನಾನು ಅದನ್ನು ಬೆಳಿಗ್ಗೆಯೇ ಓದಿ ಮುಗಿಸಿರುತ್ತಿದ್ದೆ ಎಂಬುದು ಅವನ ತಲೆಗೆ ಹೊಳೆದದ್ದೇ ಇಲ್ಲ.

ಮಾಮ ತಂದ ತಟ್ಟೆಯಲ್ಲಿ ವೀಳ್ಯದೆಲೆ, ಬಾಳೆಹಣ್ಣು, ಅರಿಸಿನದ ಕೊಂಬು, ಚಿನ್ನಾಳಪಟ್ಟಿಯ ಒಂದು ಸೀರೆ ಇದ್ದವು. ಎಲ್ಲದರ ಮೇಲೆ ಒಂದು ಫ್ಲಾಪಿ. ಅದರ ಚೀಟಿಗೆ ಕುಂಕುಮದ ಬೊಟ್ಟು ಇಟ್ಟಿದ್ದರು. ವೈರಸ್ ಹಿಡಿಯುವ ಹೊಸ ಸಾಫ್ಟ್‌ವೇರ್, ದಿಂಡುಗಲ್‌ನ ಗೆಳೆಯನಿಂದ ನಕಲು ಮಾಡಿಸಿ ತಂದದ್ದು ಎಂದು ಮಗ ಎದೆಯುಬ್ಬಿಸಿ ಹೇಳಿದ.

ಮಾಮನ ಮನೆಯಿಂದ ಬಂದ ಉಡುಗೊರೆಗೆ ನಮ್ಮಲ್ಲಿ 'ಸೀರು' ಎನ್ನುತ್ತೇವೆ. ಅದನ್ನು ನಾವು ಎಣಿಸುವುದಿಲ್ಲ, ತೂಗುವುದಿಲ್ಲ, ತಿರುಗಿಸಿ ನೋಡುವುದಿಲ್ಲ. ನೋಡಿದರೆ ತವರನ್ನೇ ಅನುಮಾನಿಸಿದಂತೆ. ಇನ್ನೊಂದು ಕಟ್ಟಳೆ, ತಟ್ಟೆಯಲ್ಲಿರುವುದನ್ನು ಸೊಸೆಯಾಗುವವಳು ಅಲ್ಲೇ ಬಳಸಬೇಕು. ಅರಿಸಿನವಾದರೆ ಹಚ್ಚಿಕೊಳ್ಳಬೇಕು, ಸೀರೆಯಾದರೆ ಹೊದೆದುಕೊಳ್ಳಬೇಕು. ಅಲ್ಲಿಯವರೆಗೆ ಮಾಮ ನಮ್ಮ ಮನೆಯಲ್ಲಿ ಒಂದು ಗುಟುಕು ಕಾಪಿ ಕುಡಿಯುವುದಿಲ್ಲ.

ಅರಿಸಿನ ಹಚ್ಚಿಕೊಂಡೆ. ಸೀರೆ ಹೊದ್ದುಕೊಂಡೆ. ಕಾಪಿ ಮಾಮನ ಮುಂದೆಯೇ ಆರುತ್ತಿತ್ತು.

"ಅದನ್ನೂ ಹಾಕು, ಕಣ್ಣು," ಎಂದರು ಮಾಮ ಮುದ್ದಿನಿಂದ.

"ಮೊದ್ಲು ಒಂದ್ಸಲ ಪರಿಶೋದನೆ ಮಾಡಿ ಹಾಕ್ತೆ, ಮಾಮ," ಎಂದೆ.

ಮಗ ನಕ್ಕ. "ಶೋದನೆ ಮಾಡಾದೇ ಅದು. ಅದ್ನೇ ಶೋದನೆ ಮಾಡ್ತಾಳಂತೆ!"

ಅವ್ವ ಅಡುಗೆಮನೆಯ ಬಾಗಿಲಿನಿಂದ ನನ್ನನ್ನು ಸುಡುವಂತೆ ನೋಡಿದಳು. "ಚೀ! ಅಣ್ಣ ತಂದ ಸೀರ ಮೂಸಿ ನೋಡ್ತೀಯೇನೇ? ಮಾನ ಹೋಗ್ತದೆ. ಹಾಕು!"

ಹಾಕಿದೆ. ಮಾಮ ಕಾಪಿ ಕುಡಿದರು.

ಅವರು ಬಸ್ಸು ಹತ್ತಿದ ಮೇಲೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಕಪ್ಪು ಪರದೆ, ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದು ಸಾಲು, ಬೇರೇನಿಲ್ಲ. ಆಗ ನಾನು ಮಾಡಿದ ದಡ್ಡತನಕ್ಕೆ ಯಾವ ಮಾಮನೂ ಕಾರಣನಲ್ಲ. ಪಕ್ಕದಲ್ಲಿ ಇನ್ನೊಂದು ಯಂತ್ರವಿದ್ದರೂ, ಹೇಗೋ ಒಂದು ಫ್ಲಾಪಿಯಿಂದ ಅದೇ ಯಂತ್ರವನ್ನು ಎಬ್ಬಿಸಿ, ನನ್ನ ನಕಲುಗಳು ನೆಟ್ಟಗಿವೆಯೇ ನೋಡೋಣವೆಂದು ಒಂದಾದ ಮೇಲೊಂದು ಅದರ ಬಾಯಿಗೇ ತುರುಕಿದೆ. ಫ್ಲಾಪಿಯ ಮೂಲೆಯ ಪುಟ್ಟ ಕಿಟಕಿಯನ್ನು ಉಗುರಿನಿಂದ ತೆರೆದಿಟ್ಟರೆ ಅದರ ಮೇಲೆ ಯಾವ ಯಂತ್ರವೂ ಏನನ್ನೂ ಬರೆಯಲಾರದು. ಹುಡುಗಿಯರಿಗೆ ಮೊದಲ ವಾರವೇ ನಾನು ಹೇಳಿಕೊಡುತ್ತಿದ್ದ ಪಾಠ ಅದು. ತೆರೆಯಲಿಲ್ಲ. ಎರಡೂ ಹೋದವು.

ತೇನಿಯ ರಿಪೇರಿ ಅಂಗಡಿಗೆ ಬಸ್ಸಿನಲ್ಲಿ, ತೊಡೆಯ ಮೇಲೆ ಯಂತ್ರ ಇಟ್ಟುಕೊಂಡು ಹೋದೆ. ಅಂಗಡಿಯವನು ಯಂತ್ರವನ್ನು ಬದುಕಿಸಿದ, ಒಳಗಿದ್ದುದನ್ನಲ್ಲ. ವೈರಸ್ ಎಂದ. ಪರೀಕ್ಷೆ ಮಾಡುವ ಒಂದು ಶುದ್ಧ ಫ್ಲಾಪಿಯನ್ನೂ ಕೊಟ್ಟ, ಕಿಟಕಿ ತೆರೆದದ್ದು. ಮನೆಗೆ ಬಂದು ಕುಂಕುಮದ ಬೊಟ್ಟಿನದನ್ನು ಅದರಿಂದ ನೋಡಿದೆ. ರೋಗ ಅದರಲ್ಲೇ ಇತ್ತು. ಅವ್ವನಿಗೆ ಹೇಳಿದರೆ, "ಇದ ಇಲ್ಲಿಗೇ ಬಿಡು, ಅಣ್ಣನ ಕಿವಿಗೆ ಬೀಳಬಾರ್ದು," ಎಂದಳು.

ನಾನು ಬಿಡುತ್ತಿದ್ದೆನೇನೋ. ಆದರೆ ಮುಂದಿನ ಸಲ ಅವರು ತಟ್ಟೆ ತಂದದ್ದು ಮದುವೆಯ ದಿನ ಗೊತ್ತು ಮಾಡಲು. ನನ್ನ ಯಂತ್ರ ಕೆಟ್ಟ ಸುದ್ದಿ ಕೇಳಿ ಮಗ ಕಾಲಮೇಲೆ ಕಾಲು ಹಾಕಿಕೊಂಡು ಉಪದೇಶ ಶುರುಮಾಡಿದ. "ಪೇಪರ್‌ನಲ್ಲಿ ಎಷ್ಟು ತಡವೆ, ಎಷ್ಟು ಸಲ ಬರ್ದವ್ನೆ? ಗುರ್ತಿಲ್ಲದೋರ ಫ್ಲಾಪಿ ಹಾಕ್ಬೇಡ ಅಂತ? ನಿನ್ನ ಕಿಳಾಸಿಗೆ ಕಲಿಯಾಕೆ ಯಾರ್ಯಾರೋ ಬತ್ತಾರೆ. ಕಲ್ಯಾಣ ಆದ್ಮೇಲೆ ಇದೆಲ್ಲ ಬೇಡ, ಮುಚ್ಚಿಬಿಡು."

ನನ್ನ ಮೈಯೆಲ್ಲ ಉರಿಯಿತು. ಎದ್ದು ಹೋಗಿ ಶುದ್ಧ ಫ್ಲಾಪಿಯಿಂದ ಯಂತ್ರ ಹಚ್ಚಿದೆ. ಕುಂಕುಮದ ಬೊಟ್ಟಿನದನ್ನು ಎಲ್ಲರೆದುರಿಗೆ ಎತ್ತಿ ತೋರಿಸಿ ಒಳಗೆ ತಳ್ಳಿದೆ. ಅವ್ವ "ಬೇಡ್ವೇ" ಎಂದಳು. ಯಂತ್ರ ಕೀಚ್ ಎಂದು ಕೂಗಿ ಪರದೆಯ ಮೇಲೆ ಕೆಂಪು ಸಾಲು ಮೂಡಿಸಿತು.

ಮಾಮನಿಗೆ ಇಂಗ್ಲಿಷ್ ಬಾರದು. ಅವರು ಮಗನ ಕಡೆ ತಿರುಗಿದರು. "ಎನ್ನಾ ಬರ್ದದೆ? ಓದು."

ಪುರವಣಿಯನ್ನು ಕೊನೆಯ ಸಾಲಿನವರೆಗೆ ಓದಿ ಹೇಳುವವನು ಆ ಒಂದು ಸಾಲನ್ನು ಓದಲಿಲ್ಲ.

"ಓದಪ್ಪ," ಎಂದಳು ಅವ್ವ.

ಅವನು ಕಿಟಕಿಯಾಚೆ ನೋಡಿದ. ಯಾರದೋ ಕೈ ತಪ್ಪಿರಬೇಕು, ದಿಂಡುಗಲ್‌ನವನು ಮೋಸ ಮಾಡಿರಬೇಕು ಎಂದು ತೊದಲಿದ. ತಪ್ಪಾಯಿತು ಎನ್ನಲಿಲ್ಲ. ಈ ಕಲ್ಯಾಣ ನನಗೆ ಬೇಡ ಎಂದೆ. ಮಾಮ ಎದ್ದು ನಿಂತು, "ಒಂದು ತಗಡಿಗಾಗಿ ಮಾಪ್ಳೆಯ, ಗಂಡಾಗೋನ, ಬೇಡಾನ್ತೀಯಾ?" ಎಂದು ನನ್ನ ಮೇಲೆ ಕೂಗಿದರು.

"ತಗಡಿಗಲ್ಲ ಮಾಮ. ನಮ್ಮ ಮಾತಿಗೆ ಅಕ್ಷರ ಮಾಡಿದ್ದೆ. ಅವ್ವ ಆಡೋ ಮಾತೆಲ್ಲ ಅದ್ರಲ್ಲಿ ಬರೀಬೋದಿತ್ತು. ಎಂಟು ತಿಂಗ್ಳು. ಎಲ್ಲ ಪೋಯ್ತು."

ಅವ್ವ ಯಂತ್ರದ ಹತ್ತಿರ ಬಂದಳು. ಅವಳು ಅದನ್ನು ಮುಟ್ಟಿದ್ದು ಅದೇ ಮೊದಲು. ಗುಂಡಿ ಯಾವುದೆಂದು ನನ್ನನ್ನು ಕೇಳಿ, ಒತ್ತಿ, ಫ್ಲಾಪಿಯನ್ನು ಈಚೆಗೆ ತೆಗೆದು ವೀಳ್ಯದೆಲೆಯ ಮೇಲಿಟ್ಟಳು. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಅಣ್ಣನಿಗೆ ಹಿಡಿದಳು.

"ಎಣಿಸ್ಲಿಲ್ಲಣ್ಣ, ತೂಗ್ಲಿಲ್ಲ. ಇದ್ದಂಗೇ ಅದೆ. ತಕ್ಕೊಂಡೋಗು."

ಅವರು ಹೋದ ಮೇಲೆ ನಮ್ಮ ಎರಡು ಮನೆಗಳ ನಡುವೆ ನೀರು ಬೆಂಕಿಯ ಕೊಡುಕೊಳ್ಳುವಿಕೆಯೂ ಇಲ್ಲದಂತಾಯಿತು, ಇವತ್ತಿಗೂ ಹಾಗೇ ಇದೆ. ನನಗೆ ಅದಕ್ಕೆ ಎಳ್ಳಷ್ಟೂ ಬೇಸರವಿಲ್ಲ. ಅವ್ವನಿಗಿತ್ತು. ಅವಳು ಹೊಸಿಲ ಮೇಲೆ ಕೂತು ಸೆರಗಿನಲ್ಲಿ ಮೂಗೊರೆಸಿಕೊಂಡಳು.

"ಎದಕ್ಕೇ ಮುಂಚೇ ಹೇಳ್ಲಿಲ್ಲೆ? ಹೇಳಿದ್ರೆ ಅವತ್ತೇ ತಟ್ಟ ತಿರುಗಿಸಿ ಕೊಡ್ತಿದ್ದೆ."

ಅದು ಸುಳ್ಳೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಒಳಗೆ ಹೋಗಿ ಹೊಸ ಚೌಕುಳಿ ಕಾಗದ ತಂದು, ಅವಳ ಪಕ್ಕದಲ್ಲಿ ಕೂತು, 'ಅ'ದ ಮೊದಲ ಚುಕ್ಕೆ ಇಟ್ಟೆ. ಆ ಕಾಗದವನ್ನು ಆಮೇಲೆ ಒಲೆಗೆ ಹಾಕಲಿಲ್ಲ.