ಪೂಜೆಯ ಮಾಲೆ ಮತ್ತು ಹತ್ತದ ಎಂಜಿನ್

ನೆರೆಮನೆಯ ಹಳೆಯ ಟ್ರ್ಯಾಕ್ಟರ್ ಇಂದು ಚಾಲೂ ಆಗದೆ ನಿಂತಿದ್ದನ್ನು ಕಂಡು, ಬಾಲ್ಯದ ಒಂದು ಸಂಗತಿಯನ್ನು ತಮ್ಮಲ್ಲಿ ಸವಿನಯ ಅರಿಕೆ ಮಾಡಿಕೊಳ್ಳುತ್ತೇನೆ.

ಆಯುಧಪೂಜೆಯ ಮರುದಿನ ಯಾವಗಲ್ ಗ್ರಾಮದ ನಮ್ಮ ಮನೆಯಲ್ಲಿ ತಾಯಿಗೆ ಹೆರಿಗೆ ಬೇನೆ ಎದ್ದಿತು. ನರಗುಂದದ ದವಾಖಾನೆಗೆ ಒಯ್ಯಬೇಕಿತ್ತು. ತಂದೆಯವರು ಎಷ್ಟು ಯತ್ನಿಸಿದರೂ, ಪೂಜೆಯ ಮಾಲೆ ಹೊತ್ತ ನಮ್ಮ ಟ್ರ್ಯಾಕ್ಟರಿನ ಎಂಜಿನ್ ಹತ್ತಲಿಲ್ಲ.

"ಬ್ಯಾಟರಿ ಚಲೋ ಐತಿ, ಡೀಸೆಲ್ಲೂ ಐತಿ. ಮಾಲಿ ತಗದ ನೋಡ್ಲೇನಬೇ?" ಎಂದ ಕಾಕಾ.

"ಪೂಜಿ ಮಾಲಿ ಮೂರ ದಿನ ಮುಟ್ಟಬಾರ್ದಪಾ," ಎಂದಳು ಅಜ್ಜಿ.

ಎತ್ತಿನ ಚಕ್ಕಡಿಯಲ್ಲಿ ಹೊರಟೆವು. ದಾರಿಯಲ್ಲೇ ಹುಟ್ಟಿದ ತಂಗಿ ಉಳಿಯಲಿಲ್ಲ.

ಮೂರು ದಿನ ಕಳೆದ ಮೇಲೆ ನೋಡಿದರೆ, ಎಂಜಿನ್ ಬಂದ್ ಮಾಡುವ ಗುಂಡಿಯನ್ನು ಸದರಿ ಮಾಲೆಯ ದಾರವೇ ಹೊರಕ್ಕೆ ಜಗ್ಗಿ ಹಿಡಿದಿತ್ತು; ಅದು ಹೊರಗಿದ್ದರೆ ಎಂಜಿನ್ನಿಗೆ ಡೀಸೆಲ್ ಹರಿಯದು. ಮಾಲೆ ತೆಗೆದು ಗುಂಡಿ ಒತ್ತಿದೊಡನೆ ಎಂಜಿನ್ ಹತ್ತಿತು.

"ಬಂದ್ ಮಾಡ್ರಿ ಅದನ್ನ," ಎಂದಳು ತಾಯಿ ಒಳಗಿನಿಂದ.

"ಏನಾಗೇತ್ರಿ ಅಜ್ಜಾರ?" ಎಂದು ಇಂದು ನೆರೆಯವನು ನನ್ನನ್ನು ಕೇಳಿದ. ಬಗ್ಗಿ ನೋಡಿದೆ; ಅವನ ಟ್ರ್ಯಾಕ್ಟರಿನ ಗುಂಡಿ ಒಳಗೇ ಇತ್ತು. ಅದರಾಚೆಗೆ ನನಗೇನೂ ತಿಳಿಯದು.